ಪ್ರಮಾಣ ಮಾಡಿಸುವವನ ಪಾಡು

ಆಣೆ ಮಾಡುವ ಬಾಯಿ ಇರುವ ತನಕ ಇಂಥವು ನಡೆಯುತ್ತಲೇ ಇರುತ್ತವೆ. ನಗಬೇಕೋ ಅಳಬೇಕೋ ನನಗಿನ್ನೂ ತಿಳಿದಿಲ್ಲ. ಬೀಳಗಿ, ಮುಧೋಳ, ಬನಹಟ್ಟಿ ಅಂತ ಊರೂರು ತಿರುಗಿ ಇಪ್ಪತ್ತೆಂಟು ವರ್ಷ ಕೋರ್ಟಿನಲ್ಲಿ ಗುಮಾಸ್ತಿಕೆ ಮಾಡಿದೆ. ಕಟಕಟೆಗೆ ಬಂದವರಿಗೆ "ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ" ಎಂದು ಹೇಳಿಕೊಡುವುದು ನನ್ನ ಕೆಲಸ. ಹೇಳಿಸಿದ್ದಕ್ಕೆ ಲೆಕ್ಕವಿಲ್ಲ, ನಂಬಿದ್ದು ಒಂದೂ ಇಲ್ಲ.

ಈಗ ನಿವೃತ್ತನಾಗಿ ಜಮಖಂಡಿಯ ಸ್ವಂತ ಮನೆಯಲ್ಲಿ ಕೂತಿದ್ದೇನೆ. ಬಾಜೂ ಮನೆಯವನು ನನ್ನ ಹಿತ್ತಲಿನ ನಾಲ್ಕು ಅಡಿ ಜಾಗ ತನ್ನದೆಂದು ಹಟ ಹಿಡಿದಿದ್ದಾನೆ. ಅದು ಹೋದರೆ ನಮ್ಮ ಬಚ್ಚಲೂ ಹೋಯಿತು, ನೀರಿನ ತೊಟ್ಟಿಯೂ ಹೋಯಿತು. ನನ್ನ ಪರವಾಗಿ ಖರೇ ಹೇಳುವ ಒಬ್ಬ ಮನುಷ್ಯ ಬೇಕಾಗಿದ್ದಾನೆ. ಎಲ್ಲಿಂದ ತರಲಿ? ನಾನು ಕಂಡ ಮಂದಿ ಇಂಥವರು.

ಟಗರಿನ ಸಾಕ್ಷಿ

ಬೀಳಗಿಯಲ್ಲಿದ್ದಾಗ ಟಗರು ಕಳವಿನ ಕೇಸಿಗೆ ಒಬ್ಬ ಕುರಿಗಾರ ಅಜ್ಜ ಸಾಕ್ಷಿಗೆ ಬಂದ. ಬೀರಪ್ಪ ದೇವರ ಒಕ್ಕಲು. ಭಂಡಾರದ ಅರಿಸಿನ ಹಣೆಗೆ ಹಚ್ಚದೆ ಹೊಸ್ತಿಲು ದಾಟದ ಮನೆತನ. ಕಳ್ಳನನ್ನು ಕಣ್ಣಾರೆ ಕಂಡವನು ಅವನೊಬ್ಬನೇ. ನಾನು ಹೇಳಿಕೊಟ್ಟ ಪ್ರಮಾಣವನ್ನು ಗಿಳಿಯ ಹಾಗೆ ಒಪ್ಪಿಸಿ, ಮುಂದಿನ ಮಾತಿಗೇ "ನಾ ಏನೂ ನೋಡಿಲ್ರಿ" ಅಂದುಬಿಟ್ಟ. ಕೇಸು ಅಲ್ಲಿಗೇ ಬಿದ್ದುಹೋಯಿತು.

ಮಧ್ಯಾಹ್ನ ಚಹಾದ ಅಂಗಡಿಯಲ್ಲಿ ಸಿಕ್ಕ. ನನಗೆ ತಡೆಯಲಾಗಲಿಲ್ಲ.

"ಅಜ್ಜಾರ, ದೇವರ ಮ್ಯಾಲೆ ಪ್ರಮಾಣ ಮಾಡಿ ಸುಳ್ಳ ಹೇಳಿದ್ರೆಲ್ಲ, ಅಂಜಿಕಿ ಆಗಲಿಲ್ಲೇನ್ರಿ?"

"ಆಗದ ಇರ್ತದೇನ್ರೀ ಸಾಹೇಬ್ರ?" ಎಂದು ಅಜ್ಜ ರುಮಾಲು ಸರಿಸಿ ಬೋಳು ಹಣೆ ತೋರಿಸಿದ. "ಅದಕ್ಕ ಮುಂಜಾನೆ ಭಂಡಾರ ತೊಳಕೊಂಡು, ದೇವರನ್ನ ಮನ್ಯಾಗ ಬಿಟ್ಟ ಬಂದೇನಿ."

ಮಗ್ಗದ ಆಣೆ

ಬನಹಟ್ಟಿಯಲ್ಲಿದ್ದಾಗ ಮಗಳ ಲಗ್ನ ಗೊತ್ತಾಯಿತು. ರಬಕವಿಯ ನೇಕಾರರೊಬ್ಬರಿಗೆ ಸೀರೆ ಹೇಳಿದೆ.

"ಬರೂ ಐತವಾರ ಸೀರಿ ನಿಮ್ಮ ಮನ್ಯಾಗ ಇರ್ತದ್ರಿ. ನೋಡ್ರಿ, ಮಗ್ಗ ಮುಟ್ಟಿ ಆಣಿ ಮಾಡಾಕತ್ತೇನಿ" ಎಂದು ಪಡಸಾಲೆಯ ಮೂಲೆಯಲ್ಲಿದ್ದ ಕೈಮಗ್ಗದ ಮೇಲೆ ಕೈಯಿಟ್ಟರು. ಅನ್ನ ಕೊಡುವ ಮಗ್ಗ! ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಕೋರ್ಟಿನಲ್ಲಿ ಕಾಣದ ಆಣೆ ಇಲ್ಲಿ ಸಿಕ್ಕಿತು ಎಂದುಕೊಂಡೆ.

ನಾಲ್ಕು ಐತವಾರ ಹೋದವು. ನಾಲ್ಕು ಸಲವೂ ಅದೇ ಮಗ್ಗ, ಅದೇ ಆಣೆ. ಮಗಳು ಅಂಗಡಿಯ ಸೀರೆ ಉಟ್ಟು ಗಂಡನ ಮನೆಗೆ ಹೋದಳು. ಲಗ್ನ ಮುಗಿದ ಮೇಲೆ ನಾನು ಸಿಟ್ಟಿನಿಂದ ರಬಕವಿಗೆ ಹೋದೆ.

"ಹೊಟ್ಟಿಗೆ ಹಾಕೂ ಮಗ್ಗದ ಮ್ಯಾಲೆ ಸುಳ್ಳ ಆಣಿ ಮಾಡ್ತೀರೇನ್ರಿ?"

ನೇಕಾರರು ಕಿವಿ ಮುಚ್ಚಿಕೊಂಡರು. "ಶಿವಶಿವಾ! ಹೊಟ್ಟಿಗೆ ಹಾಕೂ ಮಗ್ಗ ಒಳಗ ಐತ್ರಿ, ಅದು ಕರೆಂಟಿನ ಮ್ಯಾಲೆ ನಡಿತೈತಿ. ಇದು ನಮ್ಮಪ್ಪಂದು, ಮುರದು ಹತ್ತ ವರ್ಷ ಆತು. ಆಣಿ ಮಾಡಾಕ ಇರಲಿ ಅಂತ ಇಟ್ಟೇನಿ."

ಗದ್ದುಗೆಯ ಮುಂದೆ

ಹೀಗಾಗಿ ನನ್ನ ಹಿತ್ತಲಿಗೆ ಸಾಕ್ಷಿ ಹುಡುಕುವ ಆಸೆಯನ್ನೇ ಬಿಟ್ಟೆ. ಮನುಷ್ಯರ ಮೇಲಿನ ಆಸೆ ಅದಕ್ಕೂ ಮೊದಲೇ ಹೋಗಿತ್ತು. ಕಡೆಗೆ ಓಣಿಯ ಹಿರಿಯರು ನನ್ನನ್ನೂ ಬಾಜೂ ಮನೆಯವನನ್ನೂ ಹಿಂದಿನ ಸ್ವಾಮಿಗಳ ಗದ್ದುಗೆಯಿರುವ ಮಠಕ್ಕೆ ಕರೆದರು. ಅಲ್ಲಿ ಅವನು ಒಂದೇ ಮಾತಿನಲ್ಲಿ ಮುಗಿಸಿದ.

"ಅಜ್ಜಾರ ಗದ್ದಿಗಿ ಮುಟ್ಟಿ ಆ ಜಾಗಾ ತಮ್ಮದು ಅಂತ ಅವರು ಹೇಳ್ಲಿ. ಇವತ್ತ ಬಿಟ್ಟಕೊಡ್ತೇನಿ."

ಕೋರ್ಟಿಲ್ಲ, ವಕೀಲರಿಲ್ಲ. ಎರಡು ಹೆಜ್ಜೆ ಹಾಕಿ ಮುಟ್ಟಿದರೆ ಜಾಗ ನನ್ನದು. ಹೆಜ್ಜೆ ಹಾಕಿದೆ, ಕೈ ಚಾಚಿದೆ. ಆಗ ಎಲ್ಲಿತ್ತೋ ಏನೋ ಆ ನೆನಪು! ಮನೆ ಕಟ್ಟಿಸುವಾಗ ಒಂದು ರಜೆಯ ದಿನ, ಅವನು ಊರಲ್ಲಿಲ್ಲದ್ದು ನೋಡಿ, ಗಡಿಕಲ್ಲನ್ನು ನಾನೇ ಕಿತ್ತು ನಾಲ್ಕು ಅಡಿ ಆಚೆಗೆ, ಅವನ ಜಾಗದಲ್ಲಿ ನೆಟ್ಟಿದ್ದೆ. ನನ್ನದು, ನನ್ನದು ಎಂದು ಇಷ್ಟು ವರ್ಷ ಹೇಳಿ ಹೇಳಿ ನನಗೇ ಅದು ಮರೆತುಹೋಗಿತ್ತು.

ಕೈ ಗದ್ದುಗೆಯಿಂದ ಒಂದು ಗೇಣು ಈಚೆಗೆ ನಿಂತುಬಿಟ್ಟಿತು. ಹಿರಿಯರು ನನ್ನನ್ನೇ ನೋಡುತ್ತಿದ್ದರು. ಹಿಂದಿನಿಂದ, ಜೊತೆಗೆ ಬಂದಿದ್ದ ಹೆಂಡತಿಯ ದನಿ ಬಂತು.

"ಮುಟ್ರೆಲ್ಲ! ಜಲ್ಮಾಪೂರ್ತಿ ಮಂದಿ ಕಡಿಂದ ಆಣಿ ಮಾಡಿಸೀರಿ, ನಿಮಗ ಹೇಳಿಕೊಡಬೇಕೇನು?"

ನಾನು ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದೆ:

"ಇದು ಕಾಯದೇದ ವಿಷಯ ಐತ್ರಿ. ಕೋರ್ಟಿಗೆ ನಡೀರಿ, ಅಲ್ಲಿ ಎಷ್ಟ ಬೇಕಾದ್ರೂ ಪ್ರಮಾಣ ಮಾಡ್ತೇನಿ."