ತ್ರಿನಿಯ ಪಾತ್ರೆಯೊಳಗಿನ ನಾಣ್ಯ

ಬೈಯುವ ಹೆಂಡತಿ ಮನೆಯಲ್ಲಿದ್ದರೆ ಕಷ್ಟ ಎಂದು ಲೋಕದ ಗಂಡಂದಿರೆಲ್ಲ ಒಕ್ಕೊರಲಿನಿಂದ ಹೇಳುತ್ತಾರೆ. ಫಿದೆನ್ಸಿಯೊನ ದೂರು ಅದಲ್ಲ. ಅವನನ್ನು ಬೈಯಬೇಕಾದ ತ್ರಿನಿ ಮನೆಯಲ್ಲೇ ಇರಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಗಡಿಯಾಚೆಯ ತವರೂರು ಪ್ವೆಬ್ಲಾಕ್ಕೆ ಹೋದವಳಿಗೆ, ಕಾಗದಪತ್ರ ಸರಿಯಿಲ್ಲದೆ, ಲಾಸ್ ಏಂಜಲೀಸಿಗೆ ಮರಳಲಾಗಲಿಲ್ಲ. ಬೈಗುಳವೂ ಫೋನಿನಲ್ಲೇ ಬರಬೇಕಿತ್ತು. ಸಿಗ್ನಲ್ ಸಿಗದ ದಿನ ಅದಕ್ಕೂ ಗತಿಯಿಲ್ಲ.

ಅವಳು ಬಿಟ್ಟುಹೋದ ಆಸ್ತಿಯೆಂದರೆ ಲಾಂಡ್ರಿ ಅಂಗಡಿಯ ಮುಂದೆ ಫುಟ್‌ಪಾತಿನಲ್ಲಿ ನಿಲ್ಲುವ ತಮಾಲೆ ಗಾಡಿ, ಮತ್ತು ಜೋಳದ ಸಿಪ್ಪೆಯಲ್ಲಿ ಸುತ್ತಿದ ಆ ಕಡುಬುಗಳನ್ನು ಬಿಸಿಯಾಗಿಡುವ ಹಬೆಪಾತ್ರೆ. (ಗಂಡನೂ ಆಸ್ತಿಯೇ. ಆದರೆ ತ್ರಿನಿ ಹಾಗೆ ಲೆಕ್ಕ ಹಿಡಿಯುತ್ತಿರಲಿಲ್ಲ.) ಪಾತ್ರೆಯ ತಳದ ನೀರಿನಲ್ಲಿ ಅವಳು ಹಳೆಯ ಪೆಸೊ ನಾಣ್ಯವೊಂದನ್ನು ಹಾಕಿಟ್ಟಿದ್ದಳು. ನೀರು ಕುದಿಯುವಷ್ಟು ಹೊತ್ತೂ ಅದು ಟಕಟಕ ಕುಣಿಯುತ್ತದೆ. ಸುಮ್ಮನಾಯಿತೆಂದರೆ ನೀರು ಬತ್ತಿತೆಂದೇ ಅರ್ಥ, ತಕ್ಷಣ ಹೊಯ್ಯಬೇಕು. ಅವಳ ಅಮ್ಮ, ಅಜ್ಜಿ ಎಲ್ಲರ ಪಾತ್ರೆಯೂ ಹೀಗೇ ಮಾತಾಡುತ್ತಿತ್ತು. ಫಿದೆನ್ಸಿಯೊನಿಗಂತೂ ಆ ಟಕಟಕ ಹೆಂಡತಿ ಪಕ್ಕದಲ್ಲೇ ನಿಂತು ಗೊಣಗಿದಂತೆ ಕೇಳುತ್ತಿತ್ತು. ಅದಿಲ್ಲದಿದ್ದರೆ ಆ ದೊಡ್ಡ ಊರಿನಲ್ಲಿ ಅವನಿಗೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ಪರವಾನಗಿಯಿಲ್ಲದ ಗಾಡಿಗಳನ್ನು ಪಾತ್ರೆಪಗಡೆ ಸಮೇತ ಲಾರಿಗೆ ಏರಿಸುತ್ತಿದ್ದಾರೆಂಬ ಸುದ್ದಿ ಬಂತು.

"ನನ್ನ ಪಾತ್ರೆಗೇನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ ಮುದುಕಾ! ಪರ್ಮಿಟ್ ಮಾಡಿಸ್ಕೋ!" ತ್ರಿನಿ ಫೋನಿನಲ್ಲಿ ಗುಡುಗಿದಳು.

"ಅದೇನು ಸುಲಭಾನೇ? ಮನೇಲಿ ಬೇಯಿಸ್ಬಾರ್ದಂತೆ, ಅವರು ಒಪ್ಪಿದ ಅಡುಗೆಮನೇನೇ ಆಗ್ಬೇಕಂತೆ. ಸಿಪ್ಪೆ ಕೂಡ ನಾನು ಬಿಚ್ಚಿ ಕೊಡೋ ಹಾಗಿಲ್ಲ, ಗಿರಾಕಿನೇ ಬಿಚ್ಕೋಬೇಕಂತೆ."

"ಒಳ್ಳೇದೇ ಆಯ್ತು. ನಿನ್ನ ಉಗುರು ನಾನು ನೋಡಿಲ್ವಾ?"

ಫಿದೆನ್ಸಿಯೊ ಅಂದೇ ಉಗುರು ಕತ್ತರಿಸಿಕೊಂಡ. ಬಾಡಿಗೆ ಅಡುಗೆಮನೆ ಹಿಡಿದ. ತಪಾಸಣೆಯ ದಿನ ಮದುವೆಗೆ ಹೊಲಿಸಿದ್ದ ಅಂಗಿ ತೊಟ್ಟು ಗಾಡಿಯ ಪಕ್ಕದಲ್ಲಿ ಸೆಟೆದು ನಿಂತ. ಇನ್ಸ್‌ಪೆಕ್ಟರ್ ದಾವಿಲಾ ಆರೋಗ್ಯ ಇಲಾಖೆಯವಳು, ಅವನಿಗೆ ಮಗಳಾಗುವ ವಯಸ್ಸಿನ ಹುಡುಗಿ. ರಾಜವೈದ್ಯರ ಗಾಂಭೀರ್ಯದಿಂದ ತಮಾಲೆಯ ಹೊಟ್ಟೆಗೆ ಥರ್ಮಾಮೀಟರು ಚುಚ್ಚಿ ಜ್ವರ ನೋಡಿದಳು. (ಹಾಗೇ ತನ್ನ ನಾಡಿಯನ್ನೂ ನೋಡಲಿ ಎಂದು ಫಿದೆನ್ಸಿಯೊನಿಗೆ ಆಸೆಯಾಯಿತು. ಯಾರಾದರೂ ಅವನ ಕೈ ಹಿಡಿದು ಬಹಳ ಕಾಲವಾಗಿತ್ತು.)

"ಎಲ್ಲಾ ಸರಿಯಾಗಿದೆ. ಇದೇನು ಸದ್ದು?"

"ನನ್ನ ಹೆಂಡತಿ," ಎಂದುಬಿಟ್ಟ. "ಅಂದ್ರೆ... ನಾಣ್ಯ."

ದಾವಿಲಾ ನಕ್ಕಳು. "ನಮ್ಮಜ್ಜಿನೂ ಹಾಕ್ತಿದ್ರು, ದೋನ್ ಫಿದೆನ್ಸಿಯೊ. ಆದ್ರೆ ದುಡ್ಡು ಊರೋರ ಕೈಯೆಲ್ಲಾ ಸುತ್ತಿ ಬಂದಿರುತ್ತೆ. ತೆಗೆದುಬಿಡಿ, ಈಗ್ಲೇ ಪರ್ಮಿಟ್ ಸ್ಟಿಕರ್ ಅಂಟಿಸ್ತೀನಿ."

"ಇದು ಎಲ್ಲೂ ಸುತ್ತಿಲ್ಲ ಮಗಳೇ. ನಮ್ಮ ಮದುವೆಯಾದಾಗಿಂದ ಕುದೀತಾನೇ ಇದೆ. ಇದಕ್ಕಿಂತ ಚೊಕ್ಕಟವಾಗಿರೋದು ಈ ಊರಲ್ಲೇ ಇಲ್ಲ."

"ನಿಯಮಕ್ಕೆ ಅಜ್ಜಿ ಇರಲ್ಲ," ಎಂದಳು ದಾವಿಲಾ, ಪಾಪ, ಮೆತ್ತಗೆ.

ನಾಣ್ಯ ಪಾತ್ರೆಯಿಂದ ಅಂಗಿಯ ಜೇಬಿಗೆ ಬಂತು. ಗಾಡಿಯ ಹಣೆಗೆ ಸ್ಟಿಕರ್ ಬಿತ್ತು.

ಮರುದಿನ ಫಿದೆನ್ಸಿಯೊ ಆ ಸ್ಟಿಕರನ್ನು ಒರೆಸಿದ್ದೇ ಒರೆಸಿದ್ದು. ಆದರೆ ಗಾಡಿ ಬಿಕೋ ಎನ್ನುತ್ತಿತ್ತು. ಅವನು ಸಿಪ್ಪೆ ಬಿಚ್ಚಿಕೊಡುವಷ್ಟು ಹೊತ್ತು ನಾಲ್ಕು ಮಾತಾಡುತ್ತಿದ್ದ ಗಿರಾಕಿಗಳೂ ಈಗ ಪೊಟ್ಟಣ ಹಿಡಿದು ಹೊರಟುಹೋಗುತ್ತಿದ್ದರು. ತಡೆಯಲಾರದೆ ಅವನು ಪ್ವೆಬ್ಲಾಕ್ಕೆ ಫೋನು ಹಚ್ಚಿದ.

"ತ್ರಿನಿ, ಇನ್ಮೇಲೆ ನಿನ್ನ ಗಂಡ ಸರ್ಕಾರ ಒಪ್ಪಿದ ಮನುಷ್ಯ!"

"ನಮ್ಮಪ್ಪನೇ ಒಪ್ಪೋಕೆ ವರ್ಷಗಟ್ಟಲೆ ತಗೊಂಡ, ಸರ್ಕಾರಕ್ಕೇನಿತ್ತೋ ಅವಸರ..." ಎನ್ನುತ್ತ ತ್ರಿನಿ ತಟಕ್ಕನೆ ನಿಂತಳು. "ಎಲ್ಲಿದ್ದೀಯ ನೀನು?"

"ಗಾಡಿ ಹತ್ರ."

"ಸುಳ್ಳು. ಟಕಟಕ ಕೇಳಿಸ್ತಿಲ್ಲ."

ಅವನು ನಡೆದದ್ದನ್ನು ಹೇಳಿದ.

"ನಿನ್ನ ಮಾತು ಕೇಳೋಕೆ ನಾನು ಫೋನ್ ಮಾಡ್ತಿದ್ದೆ ಅನ್ಕೊಂಡ್ಯಾ?" ತ್ರಿನಿಯ ದನಿ ಸಣ್ಣದಾಗಿತ್ತು. "ಆ ಸದ್ದಿಗೆ ಕಣೋ. ಅದು ಕೇಳಿದ್ರೆ ನಾನೂ ಅಲ್ಲೇ ನಿಂತಿದ್ದೀನಿ ಅನ್ಸುತ್ತೆ."

ಫಿದೆನ್ಸಿಯೊ ಜೇಬಿನಿಂದ ನಾಣ್ಯ ತೆಗೆದು, ಫೋನಿನ ಪಕ್ಕ ಪಾತ್ರೆಯ ಮುಚ್ಚಳದ ಮೇಲೆ ಬಡಿಯತೊಡಗಿದ. ಟಕಟಕ, ಟಕಟಕ.

"ಈಗ?"

"ಹ್ಞೂಂ. ನಿಲ್ಲಿಸ್ಬೇಡ."

ಅವನು ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ ಬಡಿಯುತ್ತಲೇ ಇದ್ದ. ಹುಟ್ಟಿದಾಗಿನಿಂದ ನಿಜವನ್ನೇ ಹೇಳಿದ್ದ ನಾಣ್ಯ ಅಂದು ಮೊದಲ ಸಲ ಸುಳ್ಳು ಹೇಳುತ್ತಿತ್ತು.

"ದೋನ್ ಫಿದೆನ್ಸಿಯೊ! ಹೊಗೆ!" ಲಾಂಡ್ರಿ ಅಂಗಡಿಯವಳು ಬಾಗಿಲಿಗೆ ಬಂದು ಕಿರುಚಿದಳು.

"ಏನಂತೆ?" ಎಂದಳು ತ್ರಿನಿ.

"ಏನಿಲ್ಲ... ಹಬೆ."

"ನನ್ನ ಹತ್ರಾನೇ ಹಬೆ ಅಂತೀಯಾ? ನೀರು ಬತ್ತಿಹೋಗಿದೆ ಕಣೋ ದಡ್ಡ ಮುಂಡೇದೇ! ಬಡಿಯೋ ಕೈಯಲ್ಲಿ ನೀರು ಹೊಯ್ಯೋಕಾಗಲ್ವಾ? ನನ್ನ ಪಾತ್ರೆ!"

ಸರ್ಕಾರ ಒಪ್ಪಿದ ತಮಾಲೆಗಳೆಲ್ಲ ತಳ ಹಿಡಿದು ಸೀದು ಕರಕಲಾದವು. ತ್ರಿನಿ ಅವನನ್ನು, ಅವನ ಅಪ್ಪನನ್ನು, ಅವನ ಊರನ್ನು ಸೇರಿಸಿ ಮನಸಾರೆ ಬೈದಳು. ಬೈಯುತ್ತಿರುವಾಗಲೇ ಸಿಗ್ನಲ್ ಹೋಯಿತು. ಫಿದೆನ್ಸಿಯೊ ಮಾತ್ರ ಫೋನನ್ನು ಕಿವಿಗೂ ಹೆಗಲಿಗೂ ಸಿಕ್ಕಿಸಿಕೊಂಡೇ, "ಹ್ಞೂಂ ಕಣೇ, ಹ್ಞೂಂ ಕಣೇ," ಎನ್ನುತ್ತ ಆ ನಾಣ್ಯದಿಂದಲೇ ಪಾತ್ರೆಯ ತಳ ಕೆರೆಯುತ್ತಿದ್ದ.