ಪುಸ್ತಕ ನೋಡಿ ತೊಗಲ ಹದಾ ಮಾಡಿದ್ದು

ಒಬ್ಬರ ಮನ್ಯಾಗ ಮಾಳಗಿ ಸೋರತೈತಿ, ಒಬ್ಬರ ಮನ್ಯಾಗ ಇಲಿ ಕಾಟ. ನಮ್ಮ ಮನಿ ತ್ರಾಸ ಬ್ಯಾರೆ. ಅದೂ ಒಮ್ಮೆ ಆಗಿ ಮುಗೀತು ಅನ್ನೂ ಹಂಗಿಲ್ಲ. ಒಂದ ಮುಗಿಸಿ ಉಸ್ಸ್ ಅಂತ ಕುಂತ್ರ ಇನ್ನೊಂದು ಬಾಗಲದಾಗ ಬಂದು ನಿಂತಿರತಿತ್ತು.

ಆವಾಗ ನಾವು ಮುಂಬೈ ಸರಕಾರದಾಗ ಇದ್ದಿವಿ. ನಮ್ಮ ಮನಿಯವರು ಬನಹಟ್ಟ್ಯಾಗ ಸಾಲಿ ಮಾಸ್ತರ. ಕುರಿ ಕಾಯ್ಕೊಂಡು ಬೀರಪ್ಪ ದೇವರಿಗೆ ನಡಕೊಂಡ ಬಂದ ಮನಿತನದಾಗ ಪಗಾರದ ನೌಕರಿ ಹಿಡದವರು ಇವರ ಮೊದಲಿಗರು. ಸಾಲ್ಯಾಗ ಹುಡುಗರಿಗೆ ಕೈಕಸಬು ಕಲಸಬೇಕಂತ ಸರಕಾರ ಇವರನ್ನ ಒಂದ ತಿಂಗಳ ತರಬೇತಿಗೆ ಕಳಿಸ್ತು. ನೂಲೂದೋ ಬಡಿಗತನಾನೋ ಕಲತ ಬರತಾರ ಅಂತ ನಾ ತಿಳಕೊಂಡಿದ್ದೆ. ಬಂದವರು ಕೈಚೀಲದಿಂದ ಒಂದ ಪುಸ್ತಕ ತಗದರು. ಮೈಮ್ಯಾಲಿನ ಉಣ್ಣಿ ಕೂದಲ ಸಮೇತ ಕುರಿತೊಗಲ ಮನ್ಯಾಗ ಹದಾ ಮಾಡಿ ಒಣಗಿಸೂದು ಹೆಂಗ ಅಂತ, ಹೊಸದಾಗಿ ಕಲಿಯಾವರ ಸಲುವಾಗಿ ಬರದದ್ದು.

"ಮೊದಲ ಮನ್ಯಾಗ ಮಾಡಿ ನೋಡತೇನಿ. ಆಮ್ಯಾಲ ಸಾಲ್ಯಾಗ ಕಲಸತೇನಿ," ಅಂದರು.

ಮೂಲ್ಯಾಗ ಉಣ್ಣಿ ನೂಲಾಕತ್ತಿದ್ದ ನಮ್ಮ ಅತ್ತಿ ಕೈ ನಿಲ್ಲಿಸಿದರು. "ಲೇ ತಮ್ಮಾ, ಕುರಿ ನಡುವ ಹುಟ್ಟಿದಾವಗ ಕುರಿ ತೊಗಲಿನ ಪುಸ್ತಕ ಕೊಟ್ಟ ಕಳಿಸ್ಯಾರೇನ?"

"ಇದು ಶಾಸ್ತ್ರೀಯ ಪದ್ಧತಿ ಐತವ್ವಾ."

ಅತ್ತಿ ಮತ್ತ ನೂಲಾಕ ಹತ್ತಿದರು. ನನಗ ಅವತ್ತ ಸುರು ಆದ ದಣಿವು ಇನ್ನೂ ಇಳದಿಲ್ಲ.

ಹಂಡೆ

ಮೊದಲನೇ ತೊಗಲ ಬಂತು. ತಣ್ಣೀರಾಗ ಒಂದ ಪೂರ್ತಿ ದಿನಾ ನೆನಿಬೇಕು ಅಂತ ಪುಸ್ತಕದಾಗ ಇತ್ತು. ಅಷ್ಟ ದೊಡ್ಡ ಪಾತ್ರೆ ನಮ್ಮ ಮನ್ಯಾಗ ಇದ್ದದ್ದು ಒಂದ, ಜಳಕದ ತಾಮ್ರದ ಹಂಡೆ. ನಾ ಭಾವಿಂದ ಹತ್ತ ಕೊಡ ಹೊತ್ತು ತುಂಬಿಸಿಟ್ಟಿದ್ದೆ. ಹೊಳ್ಳಿ ನೋಡೂದ್ರಾಗ ಕುರಿ ಅದರಾಗ ಮಲಗಿತ್ತು.

ಮರುದಿನ ತಗದು, ಒಳಗಿನ ಕೊಬ್ಬ ಕೆರಿಯಾಕ ನನ್ನ ಕಾಯಿಪಲ್ಲೆ ಹೆಚ್ಚೂ ಈಳಿಗಿ ಒಯ್ದರು. ಅತ್ತಿ ದೂರಿಂದ, "ಅದು ಕೊಯ್ಯತೈತಿ, ಮೊಂಡ ಚೂರಿ ತಗೋ," ಅಂದರು. ಪುಸ್ತಕದಾಗೂ ಹಂಗ ಇತ್ತಂತ, ಆದರ ಮುಂದಿನ ಹಾಳ್ಯಾಗ. ಇವರು ಆ ಹಾಳಿ ತಿರವೂದ್ರಾಗ ತೊಗಲಿಗೆ ಮೂರು ತೂತ ಬಿದ್ದಿದ್ದುವು.

ನಾ ಸೆರಗಿಲೆ ಮೂಗ ಮುಚ್ಚಿಕೊಂಡು ಕೇಳಿದೆ, "ಹಂಡೆ ನಾರಾಕತ್ತೈತ್ರಿ. ಇನ್ನ ಜಳಕ ಹೆಂಗ ಮಾಡೂದು?"

ಇವರು ಸಿಟ್ಟಿಗೇಳಲಿಲ್ಲ. ಶಾಂತ ರೀತಿಲೆ ಪುಸ್ತಕ ಮೊದಲಿಂದ ಕಡೀತನಕ ತಿರುವಿ ನೋಡಿ ಹೇಳಿದರು, "ಅದರ ಬಗ್ಗೆ ಇದರಾಗ ಏನೂ ಕೊಟ್ಟಿಲ್ಲ."

ನೆರಳು

ಎರಡನೇ ತೊಗಲಿಗೆ ಉಪ್ಪು ತಿಕ್ಕೂತನಕ ಎಲ್ಲಾ ಛಲೋ ಆತು. ಅದನ್ನ ಚೌಕಟ್ಟಿಗೆ ಎಳದ ಕಟ್ಟಿ ಒಣಗಸಬೇಕಿತ್ತು. ಚೌಕಟ್ಟ ಎಲ್ಲಿಂದ ಬರಬೇಕು? ನಾವು ಮಲಗೂ ಹೊರಸಿನ ಹಗ್ಗಾ ಬಿಚ್ಚಿ ಅದಕ್ಕ ತೊಗಲ ಬಿಗದರು. ನಾವು ನೆಲದ ಮ್ಯಾಲ, ಕುರಿ ಹೊರಸಿನ ಮ್ಯಾಲ.

ಇವರು ಸಾಲಿಗೆ ಹೊಂಟು ನಿಂತು, "ಬಿಸಲಿಗೆ ಬಿದ್ರ ಸೆಟದ ಹೋಗತೈತಿ. ನೆರಳಾಗ ಇರಬೇಕು ನೋಡು," ಅಂತ ಹೇಳಿ ಹ್ವಾದರು.

ಬನಹಟ್ಟಿ ಬ್ಯಾಸಗ್ಯಾಗ ನೆರಳು ಒಂದ ಕಡೆ ನಿಲ್ಲತೈತೇನ್ರಿ? ಮುಂಜಾನೆ ಪಡುವಣ ಗ್ವಾಡಿಗೆ ಹಚ್ಚಿದೆ. ಬಿಸಲ ಬಂತು, ಹಿತ್ತಲಕ್ಕ ಎಳದೆ. ಅಲ್ಲೂ ಬಂತು. ಹೊರಸ ಎಳಕೊಂಡು ಮನಿ ಸುತ್ತ ತಿರಗಿ, ಮಧ್ಯಾಹ್ನ ಆಗೂದ್ರಾಗ ಮನಿ ಮಾಲಕರ ಬಾಗಲದ ಮುಂದ ಬಂದು ನಿಂತೆ. ಅವರು ನೇಕಾರರು. ಒಳಗ ಮಗ್ಗದ ಸಪ್ಪಳ ನಿಂತು, ಮಾಲಕರ ಹೆಂಡತಿ ಹೊರಗ ಬಂದರು. ಎರಡ ದಿನದ ನಾತಾ ಅವರ ಮನಿಗೂ ಹೋಗಿತ್ತು. ಅವರು ನನ್ನ ನೋಡಿದರು, ಹೊರಸ ನೋಡಿದರು.

"ಏನ ತಂಗೀ, ಮನಿ ಖಾಲಿ ಮಾಡಾಕತ್ತೀರೇನ?"

ಕೇಳಿದ ದನಿಯಾಗ ಎಷ್ಟ ಆಸೆ ಇತ್ತಂದ್ರ, ಇಲ್ಲ ಅನ್ನಾಕ ನನಗ ಜೀವಾ ಬರಲಿಲ್ಲ.

ಮುಧೋಳದ ಮೋಟರ

ಆ ತೊಗಲೂ ಹಲಗಿ ಹಂಗ ಸೆಟದ ಹ್ವಾತು. ಮೂರನೇದು ನನ್ನ ತವರಮನಿ ಮುಧೋಳದಿಂದ ಬಂತು. ನಮ್ಮ ಅಣ್ಣ ಹಸಿ ತೊಗಲಿಗೆ ಉಪ್ಪು ತುಂಬಿ, ಸುತ್ತಿ, ಗೋಣಿತಟ್ಟಿನಾಗ ಕಟ್ಟಿ ಕೊಟ್ಟ. ನಾವಿಬ್ಬರೂ ಹೊಳ್ಳಿ ಬರೂ ಮೋಟರ ಬಸ್ಸಿನ್ಯಾಗ ಇವರು ಅದನ್ನ ತಲಿ ಮ್ಯಾಲಿನ ಹಲಗಿ ಮ್ಯಾಲ ಇಟ್ಟರು. ಅದರ ಕೆಳಗ ಒಬ್ಬ ರುಮಾಲಿನ ಹಿರೇರು ಕುಂತಿದ್ದರು.

ಉಪ್ಪು ನೀರ ಬಿಡತೈತಿ ಅನ್ನೂದು ಪುಸ್ತಕದಾಗ ಇತ್ತು. ಮೋಟರದಾಗ ಬಿಡತೈತಿ ಅಂತ ಇರಲಿಲ್ಲ.

ಒಂದ ಹನಿ ಹಿರೇರ ಮೀಸಿ ಮ್ಯಾಲ ಬಿತ್ತು. ಅವರು ನಾಲಿಗಿ ಚಾಚಿ ರುಚಿ ನೋಡಿದರು. ಇನ್ನೊಂದ ಹನಿ ಬಿತ್ತು, ಅದನ್ನೂ ನೋಡಿದರು. ಆಮ್ಯಾಲ ಭಾಳ ಕಾಳಜಿಲೆ ಇವರ ಕಡೆ ಹೊಳ್ಳಿ, "ಮಾಸ್ತರ, ನಿಮ್ಮ ಉಪ್ಪಿನಕಾಯಿ ಗಡಗಿ ಒಡದಂಗ ಕಾಣತೈತ್ರಿ. ಮಾವಿನಕಾಯಿದೋ, ನಿಂಬಿಕಾಯಿದೋ?" ಅಂದರು.

ನಾ ಇವರ ಕೈ ಚಿವುಟಿದೆ. ಖರೆ, ಮಾಸ್ತರ ಮನಶ್ಯಾ ಸುಳ್ಳ ಹೆಂಗ ಹೇಳಾಂವ?

"ಕುರೀದ್ರಿ," ಅಂದರು.

ಹಿರೇರು ಜಮಖಂಡಿತನಕ ಟಿಕೀಟ ತಗಸಿದ್ದರು. ನಡುವ ಒಂದ ಹೊಲದಾಗ ಇಳದ ಹ್ವಾದರು.

ಸಾಹೇಬರು

ಇವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ವಿಜಾಪುರದಿಂದ ಸಾಹೇಬರು ತಪಾಸಣಿಗೆ ಬಂದು, ಕೈಕಸಬು ನೋಡಿ, ಮ್ಯಾಲಿನವರಿಗೆ ಛಲೋ ಅಂತ ಬರೀಬೇಕಿತ್ತು. ಅವರು ಬರೂ ಸುದ್ದಿ ತಿಳದಾಗಿಂದ ಇವರಿಗೆ ಊಟ ಸೇರಲಿಲ್ಲ. ರೊಟ್ಟಿ ಮುಂದ ಇಟಗೊಂಡು ಪುಸ್ತಕದ ಹಾಳಿ ತಿರವತಿದ್ದರು. ಎಷ್ಟ ಬ್ಯಾಸತ್ತರೂ, ಅದನ್ನ ನೋಡಿ ನಾ ರೊಟ್ಟಿ ಮ್ಯಾಲ ಇನ್ನೊಂದಿಷ್ಟ ಬೆಣ್ಣಿ ಹಾಕತಿದ್ದೆ.

ಮುಧೋಳದ ತೊಗಲ ನೋಡಾಕರ ಚಂದ ಆಗಿತ್ತು. ಕಡೀಗೆ ಪಟಕದ ಪುಡಿ ಒಂದ ತಿಕ್ಕಬೇಕಿತ್ತು. ಪಟಕ ಅಂದ್ರ ಗಡ್ಡಾ ಮಾಡಿದ ಮ್ಯಾಲ ಗಲ್ಲಕ್ಕ ತಿಕ್ಕತಾರಲ್ಲ, ಆ ಬಿಳಿ ಕಲ್ಲ. ಇವರು ಅದನ್ನ ಕುಟ್ಟಿ ಒಂದ ಡಬ್ಬ್ಯಾಗ ತುಂಬಿ ಅಡಗಿಮನ್ಯಾಗ ಇಟ್ಟರು. ಸಾಹೇಬರ ಶರಬತ್ತಿಗೆ ಬೇಕಂತ ನಾ ಕಲ್ಲಸಕ್ಕರಿ ಕುಟ್ಟಿ ಇನ್ನೊಂದ ಡಬ್ಬ್ಯಾಗ ತುಂಬಿ ಅದರ ಬಾಜೂಕ ಇಟ್ಟೆ. ಮುಂದ ಆದದ್ದನ್ನ ನಾ ಬಿಡಿಸಿ ಹೇಳಬೇಕಾಗಿಲ್ಲ.

ಸಾಹೇಬರು ಬಂದರು. ಇವರು ತೊಗಲ ಹಾಸಿ ಅದರ ಮ್ಯಾಲ ಕುಂದ್ರಿಸಿದರು. ನಾ ನಿಂಬಿ ಶರಬತ್ತ ಕೊಟ್ಟೆ. ಬಿಸಲಾಗ ಬಂದವರು, ಒಂದ ಗುಟಕಿಗೆ ಅರ್ಧಾ ಲೋಟಾ ಏರಿಸಿದರು. ಅವರ ಬಾಯಿ, ಎಲಿಅಡಿಕಿ ಸಂಚಿ ದಾರಾ ಎಳದಂಗ, ಮುಚ್ಚಿಕೊಂತು. ಮಾತ ಹೊರಡವಲ್ದು.

ಅಷ್ಟರಾಗ ತೊಗಲಿಗೆ ತಿಕ್ಕಿದ್ದ ಸಕ್ಕರಿಗೆ ಹತ್ತಿದ್ದ ಕೆಂಪ ಇರಿವಿ ಉಣ್ಣ್ಯಾಗಿಂದ ಎದ್ದುವು. ಸಾಹೇಬರು ಟಣ್ಣಂತ ಎದ್ದರು. ಬಾಯಿ ತಗದು ಹೇಳಾಕ ಬರವಲ್ದು, ಕುಂತರು. ಮತ್ತ ಎದ್ದರು. ತೊಗಲ ಎಷ್ಟ ಮೆತ್ತಗ ಐತಿ ಅಂತ ತಪಾಸ ಮಾಡಾಕತ್ತಾರ ಅಂತ ತಿಳದು, ನಮ್ಮ ಮನಿಯವರು ಕೈ ಮುಗದು, "ಇನ್ನೊಮ್ಮೆ ಕುಂದರ್ರಿ ಸಾಹೇಬರ, ಸಂಕೋಚ ಮಾಡಬ್ಯಾಡ್ರಿ," ಅಂದರು.

ಸಾಹೇಬರು ಬಾಯಿ ಹಿಡಕೊಂಡು ಓಡಿ ಹೋಗಿ ಜೀಪ ಹತ್ತಿದರು. ಡಬ್ಬಿ ತಗದು ನಾಲಿಗಿಗೆ ಹಚ್ಚಿ ನೋಡಿದಾಗ ಎರಡೂ ಅದಲಬದಲ ಆದದ್ದು ನಮಗ ತಿಳೀತು. ಇವರು ತಲಿ ಮ್ಯಾಲ ಕೈ ಹೊತ್ತು ಕುಂತರು. ನೌಕರಿ ಹ್ವಾತು ಅಂತ ನಾನೂ ಅತ್ತೆ.

ಹದಿನೈದ ದಿನಕ್ಕ ಲಕೋಟಿ ಬಂತು. ಇವರು ಒಡದು ಎಲ್ಲಾರಿಗೂ ಕೇಳೂ ಹಂಗ ಓದಿದರು. ನೌಕರಿ ಕಾಯಂ ಆಗಿತ್ತು. ತೊಗಲಿನ ಸುದ್ದಿ ಒಂದ ಅಕ್ಷರ ಇಲ್ಲ. ಕೆಳಗ ಸಾಹೇಬರು ಸ್ವಂತ ಕೈಲೆ ಬರದಿದ್ದರು: "ಭಾಳ ವರ್ಷದಿಂದ ನನ್ನ ವಸಡಿನ್ಯಾಗ ನೆತ್ತರ ಬರತಿತ್ತು. ನಿಮ್ಮ ಮನಿ ಶರಬತ್ತ ಕುಡದಾಗಿಂದ ನಿಂತೈತಿ. ಅದರಾಗ ಏನ ಹಾಕೀರಿ, ತಿಳಸರಿ."

ಅತ್ತಿ ನೂಲೂದು ಬಿಟ್ಟು ಪೂರಾ ಕೇಳಿದರು. ಆಮ್ಯಾಲ ಅಂದರು, "ಅಂತೂ ಇಂತೂ ಒಂದ ತೊಗಲರ ಛಲೋತ್ನಾಗ ಹದಾ ಮಾಡಿದಿ ನೋಡ ತಮ್ಮಾ. ಅದೂ ಸಾಹೇಬರ ಬಾಯಿಂದು."