ಗೋಡೆಯ ಮೇಲಿನ ‘ಬೇಡ’

ತೆಲಂಗಾಣ ರಾಜ್ಯ ಬಂದ ಹೊಸತು. ಮಕ್ತಲ್‌ನ ನಮ್ಮ ಕನ್ನಡ ಶಾಲೆಯ ಗೋಡೆಗೂ ಹೊಸ ಸುಣ್ಣ ಬಂದಿತ್ತು. ಈ ನೆಲದ ಮೂಲದವರ ಚಿತ್ರ ಅಲ್ಲಿರಬೇಕು, ಮಕ್ಕಳ ಮನಸ್ಸಿನಿಂದ ಮೇಲು-ಕೀಳು ಹೋಗಬೇಕು ಎಂದು ಹೆಡ್‌ಮೇಡಂ ನನ್ನ ಕೈಗೆ ಕುಂಚ ಕೊಟ್ಟರು. ನಾನು ಕನ್ನಡ ಮಾಸ್ತರ. ಚಿತ್ರ ಹೇಗಾದರೂ ಇರಲಿ, ಅಕ್ಷರದಲ್ಲಿ ನನ್ನ ತಪ್ಪು ಹಿಡಿಯುವವರು ಯಾರು!

ಸಾಲಾಗಿ ಮೂವರನ್ನು ಬರೆದೆ. ನೇಗಿಲಿನ ರೈತ, ಕಂಬಳಿಯ ಕುರುಬ, ಬಿಲ್ಲು ಹಿಡಿದ ಬೇಡ. ಮೂರನೆಯವನಿಗೆ ಮುಖ ಕೊಟ್ಟವರು ಆರನೇ ತರಗತಿಯ ಹುಲಿಗೆಮ್ಮನ ಅಜ್ಜ. ಎರಡು ದಿನ ಅಲ್ಲಾಡದೆ ಬಿಸಿಲಲ್ಲಿ ನಿಂತರು. ಅವರ ಒಂದು ಫೋಟೋವನ್ನೂ ಅದುವರೆಗೆ ಯಾರೂ ತೆಗೆದಿರಲಿಲ್ಲವಂತೆ. ಮೇಲೆ ‘ಈ ನೆಲ ಎಲ್ಲರದು’ ಎಂದು, ಕೆಳಗೆ ಒಬ್ಬೊಬ್ಬರ ಹೆಸರು ಬರೆದು ಮುಗಿಸಿದೆ. ತೆಲುಗಿನವರಾದ ಹೆಡ್‌ಮೇಡಂ ‘ಚಾಲಾ ಬಾಗುಂದಿ’ ಎಂದು ಮೆಚ್ಚಿದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಉದ್ಘಾಟನೆಯ ಹಿಂದಿನ ದಿನ ಬೀರಪ್ಪನ ಗುಡಿಯ ಕಡೆಯ ಕುರುಬ ಹಿರಿಯರು ಬಂದು ಹೆಸರುಗಳನ್ನು ಒಂದೇ ಉಸಿರಿಗೆ ಓದಿದರು: ರೈತ, ಕುರುಬ ಬೇಡ.

“ಕುರುಬ ಯಾಕ ಬ್ಯಾಡ್ರೀ ಸರ್?” ಎಂದು ಒಬ್ಬರು ಬಹಳ ಮರ್ಯಾದೆಯಿಂದ ಕೇಳಿದರು. ಅವರ ಮರ್ಯಾದೆಗೇ ನಾನು ಬೆವೆತೆ.

ಕೂಡಲೇ ಎರಡು ಹೆಸರುಗಳ ನಡುವೆ ದಪ್ಪ ಗೀಟು ಎಳೆದೆ. ಕುರುಬ ಬಚಾವಾದ. ಹಿರಿಯರು ಚಹಾ ಕುಡಿದು ಹೋದರು. ಗೀಟಿನಾಚೆ ಅಜ್ಜ ಒಬ್ಬರೇ ಉಳಿದರು, ಕಾಲ ಕೆಳಗೆ ‘ಬೇಡ’!

ಹುಲಿಗೆಮ್ಮ ಬಂದು ನಿಂತಳು. “ನಮ್ಮಜ್ಜ ಒಬ್ಬನೇ ಬ್ಯಾಡೇನ್ರಿ ಸರ್?”

ನನಗೆ ನಿಜಕ್ಕೂ ನಾಚಿಕೆಯಾಯಿತು. ನಾಳೆ ಆ ಅಜ್ಜ ಪಟಕಾ ಸುತ್ತಿಕೊಂಡು ಬರುತ್ತಾರೆ. ಹೆಸರನ್ನೇ ಅಳಿಸಿಬಿಡೋಣವೆಂದು ಬಟ್ಟೆ ಎತ್ತಿದರೆ ಹುಡುಗಿ ಕೈ ಹಿಡಿದಳು. ಎಲ್ಲರಿಗೂ ಹೆಸರಿದ್ದು ತಮ್ಮಜ್ಜನಿಗೆ ಮಾತ್ರ ಇಲ್ಲವೆಂದರೆ ಹೇಗೆ ಎಂದಳು. ಕುಂಚ ಇಸಿದುಕೊಂಡು ಕೊನೆಗೆ ‘ರು’ ಸೇರಿಸಿದಳು. ಬೇಡರು.

“ನೋಡರು ಅಂದ್ರ ನೋಡಂಗಿಲ್ಲ, ಮಾಡರು ಅಂದ್ರ ಮಾಡಂಗಿಲ್ಲ ಅಂತ ನೀವ ಕಲಿಸೀರಲ್ರಿ. ಬೇಡರು ಅಂದ್ರ ಯಾರ ಮುಂದೂ ಬೇಡಂಗಿಲ್ಲ ಅಂತಾನೂ ಆತು.”

ಕಲಿಸಿದ್ದು ನಾನೇ. ಪರೀಕ್ಷೆ ಮುಗಿದ ಮೇಲೆ ಮರೆತವನೂ ನಾನೇ!

ಆ ಶಾಲೆ ಬಿಟ್ಟು ವರ್ಷಗಳಾದವು. ಆ ಗೋಡೆಯ ಜೊತೆ ಆ ಹುಡುಗಿ ಇಂದಿಗೂ ಬಹಳ ನೆನಪಾಗುತ್ತಾಳೆ. ಉದ್ಘಾಟನೆಯ ದಿನ ಅವಳು ಹೆಸರನ್ನು ಓದಿ ಅರ್ಥ ಹೇಳಿದಾಗ ಅಜ್ಜ ಚಿತ್ರಕ್ಕಿಂತ ನೆಟ್ಟಗೆ ನಿಂತರು. ಇಷ್ಟು ಚೆಂದ ಬರೆದವರು ಯಾರೆಂದು ಕೇಳಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ.

ಹುಲಿಗೆಮ್ಮ ಸುಳ್ಳು ಹೇಳುವವಳಲ್ಲ. “ಮೂರು ಅಕ್ಷರದಾಗ ಎರಡು ಸರ್ ಬರದಾರ ಅಜ್ಜಾ” ಎಂದಳು.

ಆ ಎರಡೂ ಯಾರಿಗೂ ಬೇಡವಾಗಿದ್ದವು!